ಹಾಸನದ ಪದವಿ ತರಗತಿಯಲ್ಲಿ ಓಪನ್‌ಸ್ಟ್ಯಾಕ್ಸ್ ಅರ್ಥಶಾಸ್ತ್ರ ಪಠ್ಯ: ಐದು ವರ್ಷ ಮೀರಿದ ಬಳಕೆಯ ನಂತರ

ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಬೋಧಿಸುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಗ್ರಂಥಾಲಯದ ಬಾಗಿಲು ಮುಚ್ಚಿ, ವಿದ್ಯಾರ್ಥಿಗಳು ಆಲೂರು, ಸಕಲೇಶಪುರ, ಅರಕಲಗೂಡು ಕಡೆಯ ತಮ್ಮ ತಮ್ಮ ಊರುಗಳಿಗೆ ಹಿಂತಿರುಗಿದಾಗ, ಅವರ ಮೊಬೈಲಿಗೆ ಕಳುಹಿಸಬಹುದಾದ ಒಳ್ಳೆಯ ಪಠ್ಯವೊಂದನ್ನು ಹುಡುಕುತ್ತಿದ್ದ ನನಗೆ ಓಪನ್‌ಸ್ಟ್ಯಾಕ್ಸ್‌ನ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಸಿಕ್ಕಿತು. ಆಗ ಚಾಲ್ತಿಯಲ್ಲಿದ್ದುದು 2017ರ ಎರಡನೆಯ ಆವೃತ್ತಿ. 2022ರಲ್ಲಿ ಮೂರನೆಯದು ಬಂದಿತು. ಅಂದಿನಿಂದ ಪ್ರತಿ ಸೆಮಿಸ್ಟರಿನಲ್ಲೂ ಇದನ್ನು ಬಳಸುತ್ತ, ಕನ್ನಡಕ್ಕೆ ತರುತ್ತ, ತಿದ್ದುತ್ತ ಬಂದಿದ್ದೇನೆ. ಹೊಸದಾಗಿ ಇಂಥ ಪಠ್ಯ ಹುಡುಕುತ್ತಿರುವ ಅಧ್ಯಾಪಕ ಮಿತ್ರರಿಗೆ ನೆರವಾಗಲೆಂದು ಆ ಅನುಭವವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಓಪನ್‌ಸ್ಟ್ಯಾಕ್ಸ್ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿರುವ ರೈಸ್ ವಿಶ್ವವಿದ್ಯಾಲಯದ ಯೋಜನೆ. ಅಲ್ಲಿನ ಪ್ರಾಧ್ಯಾಪಕ ರಿಚರ್ಡ್ ಬರಾನಿಯುಕ್ ಅವರು 1999ರಲ್ಲಿ ಆರಂಭಿಸಿದ ‘ಕನೆಕ್ಷನ್ಸ್’ ಎಂಬ ಪ್ರಯತ್ನದಿಂದ ಬೆಳೆದು, 2012ರಿಂದ ಪೂರ್ಣ ಪ್ರಮಾಣದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದೆ. ಜಾಲತಾಣದಲ್ಲಿ ಪುಸ್ತಕ ಓದುವುದಕ್ಕಾಗಲಿ, ಪಿಡಿಎಫ್ ಇಳಿಸಿಕೊಳ್ಳುವುದಕ್ಕಾಗಲಿ ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುವ ಮಲೆನಾಡಿನ ವಿದ್ಯಾರ್ಥಿಗೆ, ಒಮ್ಮೆ ಪಟ್ಟಣಕ್ಕೆ ಬಂದಾಗ ಇಳಿಸಿಕೊಂಡ ಪುಸ್ತಕ ವರ್ಷವಿಡೀ ಕೈಯಲ್ಲಿರುತ್ತದೆ ಎಂಬುದು ಸಣ್ಣ ಅನುಕೂಲವಲ್ಲ.

ಆದರೆ ಉಚಿತವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ಮೆಚ್ಚಿದ್ದಲ್ಲ. ಉಚಿತ ಎಂಬ ಮಾತನ್ನು ನಂಬಿ ಅದಕ್ಕೂ ಮೊದಲು ಒಮ್ಮೆ ಪೆಟ್ಟು ತಿಂದಿದ್ದೆ. ಬೇರೊಂದು ಜಾಲತಾಣದಿಂದ ಇಳಿಸಿಕೊಂಡ ಸ್ಲೈಡುಗಳನ್ನು ಎರಡು ತಿಂಗಳು ಕುಳಿತು ಕನ್ನಡಕ್ಕೆ ತಂದು, ನಮ್ಮ ಪಠ್ಯಕ್ರಮಕ್ಕೆ ಹೊಂದಿಸಿ, ವಿದ್ಯಾರ್ಥಿಗಳಿಗೂ ಪಕ್ಕದ ತಾಲ್ಲೂಕಿನ ಸಹೋದ್ಯೋಗಿಗಳಿಗೂ ಹಂಚಿದ್ದೆ. ಕೆಲವು ದಿನಗಳಲ್ಲಿ ಆ ತಾಣ ಹಣ ಕೇಳತೊಡಗಿತು; ಮಾರ್ಪಡಿಸಿದ ಪ್ರತಿಗಳನ್ನು ಯಾರೂ ಹಂಚಕೂಡದು ಎಂಬ ಸೂಚನೆಯೂ ಅಲ್ಲಿ ಕಾಣಿಸಿತು. ಮೂಲ ಪುಟಗಳಲ್ಲಿ ಪರವಾನಗಿಯ ಸಾಲು ಎಂಬುದೇ ಇರಲಿಲ್ಲ, ನಾನು ಹುಡುಕಿಯೂ ಇರಲಿಲ್ಲ. ಹಂಚಿದ್ದನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಅಂದಿನಿಂದ ಯಾವ ಪಠ್ಯವನ್ನು ತೆರೆದರೂ ವಿಷಯಸೂಚಿಗಿಂತ ಮೊದಲು ನೋಡುವುದು ಪರವಾನಗಿಯ ಪುಟವನ್ನು.

ಓಪನ್‌ಸ್ಟ್ಯಾಕ್ಸ್‌ನ ಈ ಅರ್ಥಶಾಸ್ತ್ರ ಪುಸ್ತಕಕ್ಕಿರುವುದು ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬೈ 4.0’ ಪರವಾನಗಿ. ಮೂಲ ಲೇಖಕರ ಹೆಸರನ್ನೂ ಮೂಲದ ಕೊಂಡಿಯನ್ನೂ ಪರವಾನಗಿಯನ್ನೂ ನಮೂದಿಸಿ, ನಾವು ಬದಲಾವಣೆ ಮಾಡಿದ್ದರೆ ಅದನ್ನು ತಿಳಿಸಿದರೆ ಸಾಕು. ನಕಲು ಮಾಡಬಹುದು, ಅನುವಾದಿಸಬಹುದು, ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡಬಹುದು, ಮುದ್ರಿಸಿ ಮಾರಲೂಬಹುದು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರು ಮೊದಲ ಸಲ ನನ್ನನ್ನು ಕೇಳಿದರು: “ಮೇಡಂ, ಇದನ್ನ ನಲವತ್ತು ಕಾಪಿ ತೆಗೆದ್ರೆ ಕಾಪಿರೈಟ್ ತೊಂದ್ರೆ ಬರಲ್ವಾ?” ಪರವಾನಗಿಯ ಪುಟವನ್ನು ತೆರೆದು ಅವರಿಗೆ ಸಾಲು ಸಾಲಾಗಿ ಅರ್ಥ ಹೇಳಿದೆ. ಅವರು ಆ ಪುಟದ ಒಂದು ಪ್ರತಿಯನ್ನು ತೆಗೆದು ತಮ್ಮ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡರು. ಎರಡೆರಡು ಅಧ್ಯಾಯಗಳನ್ನು ಒಂದೊಂದು ಕಿರುಪುಸ್ತಕವಾಗಿ ಹೊಲಿದು ಕೊಡುವ ಕೆಲಸವನ್ನು ಇಂದಿಗೂ ಅವರೇ ಮಾಡುತ್ತಿದ್ದಾರೆ.

ಈ ಸ್ವಾತಂತ್ರ್ಯದ ನಿಜವಾದ ಬೆಲೆ ನನಗೆ ತಿಳಿದದ್ದು ಐದನೆಯ ಅಧ್ಯಾಯವಾದ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದಾಗ ಬೇಡಿಕೆ, ಪೂರೈಕೆ ಎಷ್ಟು ಬದಲಾಗುತ್ತವೆ ಎಂಬ ಅಳತೆಯನ್ನು, ಪಾಠ ಮಾಡುವಾಗ. ಮೂಲದಲ್ಲಿ ಆ ಅಧ್ಯಾಯವು 2011ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಚಂದಾ ದರವನ್ನು ಏರಿಸಿದ ಪ್ರಸಂಗದಿಂದ ಆರಂಭವಾಗುತ್ತದೆ. ಅದಕ್ಕೂ ಮುಂಚೆ ಬೇಡಿಕೆಯ ಪಟ್ಟಿ ಬರುವುದು ಗ್ಯಾಲನ್ನಿಗೆ ಇಷ್ಟು ಡಾಲರ್ ಎಂಬ ಪೆಟ್ರೋಲಿನ ಲೆಕ್ಕದಲ್ಲಿ. ಅಮೆರಿಕದ ವಿದ್ಯಾರ್ಥಿಗೆ ಇವು ಮನೆಯ ಮಾತು. ನಮ್ಮ ಹುಡುಗಿಯರು ಹುಡುಗರಿಗೆ ಮೊದಲು ಗ್ಯಾಲನ್ನನ್ನು ವಿವರಿಸಿ, ಆಮೇಲೆ ಡಾಲರನ್ನು ರೂಪಾಯಿಗೆ ತಂದು, ಬೇಡಿಕೆಯ ಮಾತಿಗೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಆದ್ದರಿಂದ ಆ ಜಾಗಕ್ಕೆ ನಾವು ಆಲೂಗೆಡ್ಡೆಯನ್ನು ತಂದೆವು. ಹಾಸನದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಪಂಜಾಬಿನಿಂದ ಬಿತ್ತನೆ ಗೆಡ್ಡೆ ಬರುವುದು, ಮುಂಗಾರಿನ ಆರಂಭದಲ್ಲಿ ನಾಟಿ, ಅಂಗಮಾರಿ ರೋಗದ ಭಯ, ಮಳೆಯ ನಡುವೆಯೇ ಕಿತ್ತು ಕೊಳೆಯುವ ಮೊದಲು ಮಾರಬೇಕಾದ ಒತ್ತಡ, ಇವನ್ನೆಲ್ಲ ತರಗತಿಯ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲೇ ಕಂಡವರು. ಬೆಲೆ ಕುಸಿದಾಗಲೂ ಗೆಡ್ಡೆಯನ್ನು ತಡೆದಿಟ್ಟುಕೊಳ್ಳಲು ತಂದೆಗೆ ಏಕೆ ಆಗಲಿಲ್ಲ ಎಂಬುದನ್ನು ಒಬ್ಬ ವಿದ್ಯಾರ್ಥಿನಿ ಅಲ್ಪಾವಧಿ ಪೂರೈಕೆಯ ಅಸ್ಥಿತಿಸ್ಥಾಪಕತ್ವ ಎಂಬ ಪದದಲ್ಲಿ ತಾನೇ ಬರೆದು ತಂದಾಗ, ಇಷ್ಟು ದಿನ ಈ ಅಧ್ಯಾಯವನ್ನು ಪೆಟ್ರೋಲಿನಲ್ಲಿ ಏಕೆ ಕಲಿಸಿದೆನೋ ಎನಿಸಿತು.

ಲೆಕ್ಕದ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಈ ಪುಸ್ತಕ ಮಧ್ಯಬಿಂದು ವಿಧಾನವನ್ನು, ಅಂದರೆ ಬದಲಾವಣೆಯನ್ನು ಮೊದಲಿನ ಮತ್ತು ನಂತರದ ಮೌಲ್ಯಗಳ ಸರಾಸರಿಯ ಮೇಲೆ ಲೆಕ್ಕ ಹಾಕುವ ಕ್ರಮವನ್ನು, ಅನುಸರಿಸುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಪುಸ್ತಕಗಳು ಹೆಚ್ಚಾಗಿ ಮೂಲ ಬೆಲೆಯ ಮೇಲಿನ ಶೇಕಡಾವಾರು ವಿಧಾನವನ್ನು ಬಳಸುತ್ತವೆ. ನಾನು ತರಗತಿಗೆ ಕೊಡುವ ಕಲ್ಪಿತ ಲೆಕ್ಕವನ್ನೇ ನೋಡಿ. ಐವತ್ತು ಕೆ.ಜಿ. ಚೀಲದ ಬೆಲೆ 1,000 ರೂಪಾಯಿಯಿಂದ 1,200ಕ್ಕೆ ಏರಿದಾಗ ಮಾರಾಟ 100 ಚೀಲದಿಂದ 90ಕ್ಕೆ ಇಳಿಯಿತೆನ್ನೋಣ. ರೂಢಿಯ ವಿಧಾನದಲ್ಲಿ ಶೇ. 10ನ್ನು ಶೇ. 20ರಿಂದ ಭಾಗಿಸಿ 0.5 ಬರುತ್ತದೆ. ಅದೇ ಬೆಲೆ 1,200ರಿಂದ 1,000ಕ್ಕೆ ಇಳಿಯಿತೆಂದು ಹಿಂದಿನಿಂದ ಲೆಕ್ಕ ಹಾಕಿದರೆ 0.67 ಬರುತ್ತದೆ. ಮಧ್ಯಬಿಂದು ವಿಧಾನದಲ್ಲಿ ಎತ್ತ ಕಡೆಯಿಂದ ಹೋದರೂ ಉತ್ತರ ಸುಮಾರು 0.58. ಎರಡೂ ವಿಧಾನಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬಿಡಿಸಿ ತೋರಿಸದಿದ್ದರೆ, ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದ ವಿದ್ಯಾರ್ಥಿಯೇ ಗೊಂದಲಕ್ಕೆ ಬೀಳುತ್ತಾನೆ. ನಮ್ಮ ಕನ್ನಡ ಆವೃತ್ತಿಯಲ್ಲಿ ಇದಕ್ಕಾಗಿಯೇ ಒಂದು ಪುಟ ಸೇರಿಸಿದ್ದೇವೆ.

ಹಣ ಮತ್ತು ಬ್ಯಾಂಕಿಂಗ್ ಭಾಗವನ್ನು ಮಾತ್ರ ತಿದ್ದಿ ಬಳಸಲು ಸಾಧ್ಯವಾಗಲಿಲ್ಲ, ಬಹುಪಾಲು ಹೊಸದಾಗಿ ಬರೆಯಬೇಕಾಯಿತು. ಅಲ್ಲಿರುವುದು ಅಮೆರಿಕದ ಕೇಂದ್ರ ಬ್ಯಾಂಕಾದ, ಹನ್ನೆರಡು ಪ್ರಾದೇಶಿಕ ಬ್ಯಾಂಕುಗಳ ಫೆಡರಲ್ ರಿಸರ್ವ್ ವ್ಯವಸ್ಥೆ; ನಮಗೆ ಬೇಕಾಗಿರುವುದು 1935ರಲ್ಲಿ ಸ್ಥಾಪನೆಯಾಗಿ 1949ರಲ್ಲಿ ರಾಷ್ಟ್ರೀಕರಣಗೊಂಡ ರಿಸರ್ವ್ ಬ್ಯಾಂಕು, 2016ರಿಂದ ರೆಪೊ ದರ (ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿದರ) ನಿರ್ಧರಿಸುತ್ತಿರುವ ಆರು ಸದಸ್ಯರ ಹಣಕಾಸು ನೀತಿ ಸಮಿತಿ. ಠೇವಣಿ ವಿಮೆಯ ಮಿತಿ ಅಲ್ಲಿ ಎರಡೂವರೆ ಲಕ್ಷ ಡಾಲರ್, ಇಲ್ಲಿ 2020ರ ಫೆಬ್ರುವರಿಯಿಂದ ಐದು ಲಕ್ಷ ರೂಪಾಯಿ. ಹಳ್ಳಿಯ ಕೃಷಿ ಸಹಕಾರ ಸಂಘ, ಸ್ವಸಹಾಯ ಸಂಘಗಳ ಸಾಲ, ಕನಿಷ್ಠ ಬೆಂಬಲ ಬೆಲೆ ಇವು ಅಲ್ಲಿ ಬರುವುದಿಲ್ಲ. ಭಾರತದ ಅರ್ಥವ್ಯವಸ್ಥೆಯ ಪತ್ರಿಕೆಗೆ ಈ ಪುಸ್ತಕದಿಂದ ಯಾವ ನೆರವೂ ಸಿಗುವುದಿಲ್ಲವೆಂದೇ ತಿಳಿಯಿರಿ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಅಂಕಿಅಂಶಗಳ ಕೈಪಿಡಿಯನ್ನು ಮುಂದಿಟ್ಟುಕೊಂಡು ನಾವೇ ಟಿಪ್ಪಣಿ ಮಾಡಿಕೊಂಡೆವು.

ಕನ್ನಡಕ್ಕೆ ತರುವ ಕೆಲಸದಲ್ಲಿ ಪದಗಳಿಗಿಂತ ಹೆಚ್ಚು ಕಾಡಿದ್ದು ಅಕ್ಷರಗಳು. ಅವಕಾಶ ವೆಚ್ಚ, ಸೀಮಾಂತ ತುಷ್ಟಿಗುಣ, ಸಮತೋಲನ ಬೆಲೆ ಮುಂತಾದವು ನಮ್ಮ ಪದವಿ ಪುಸ್ತಕಗಳಲ್ಲಿ ಬಹುಕಾಲದಿಂದ ನೆಲೆನಿಂತ ಪದಗಳು, ಅವನ್ನೇ ಉಳಿಸಿಕೊಂಡೆವು. ಆದರೆ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟ ಹಳೆಯ ಟಿಪ್ಪಣಿಗಳೆಲ್ಲ ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚಾಗಿದ್ದವು. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ. ಪರಿವರ್ತಕದಲ್ಲಿ ಹಾಕಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದನ್ನು ಕೈಯಿಂದಲೇ ಸರಿಪಡಿಸಿದೆವು. ಈ ಕೆಲಸಕ್ಕೆ ಇಳಿಯುವವರು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಬೇಕೆಂದು ಒತ್ತಿ ಹೇಳುತ್ತೇನೆ. ನಕ್ಷೆ ಬಿಡಿಸಲು ನಾವು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಬಳಸಿದೆವು. ಅದನ್ನು ಕಲಿಯಲು ಮುಂಬಯಿ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡ ಧ್ವನಿಯಲ್ಲೇ ಉಚಿತವಾಗಿ ಸಿಗುತ್ತವೆ.

ಇತರ ಮೂಲಗಳನ್ನೂ ಪರೀಕ್ಷಿಸಿದ್ದೇನೆ. ‘ಕೋರ್ ಎಕಾನ್’ ಯೋಜನೆಯ ‘ದಿ ಎಕಾನಮಿ’ ಬಹಳ ಸೊಗಸಾದ ಪಠ್ಯ. ಅಸಮಾನತೆ ಮತ್ತು ಪರಿಸರದ ಪ್ರಶ್ನೆಗಳನ್ನು ಮೊದಲ ಅಧ್ಯಾಯದಿಂದಲೇ ಎತ್ತುತ್ತದೆ. ಆದರೆ ಅದರ ಪರವಾನಗಿ ಮಾರ್ಪಾಡನ್ನು ಹಂಚಲು ಬಿಡುವುದಿಲ್ಲ, ಆದ್ದರಿಂದ ಅನುಮತಿ ಪಡೆಯದೆ ಕನ್ನಡದ ಅನುವಾದವನ್ನು ಹಂಚುವಂತಿಲ್ಲ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ‘ಇ-ಜ್ಞಾನಕೋಶ’ದ ಘಟಕಗಳು ನಮ್ಮ ಪಠ್ಯಕ್ರಮಕ್ಕೆ ಹತ್ತಿರವಾಗಿವೆ, ಓದಲು ಉಚಿತ; ಆದರೆ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ ಎಂಬ ಸಾಲು ಅವುಗಳ ಆರಂಭದಲ್ಲೇ ಇರುತ್ತದೆ. ಅಂಥವನ್ನು ಓದಲು ಹೇಳಿ ಕೊಂಡಿ ಕೊಡುತ್ತೇನೆ, ನಮ್ಮ ಟಿಪ್ಪಣಿಗೆ ಸೇರಿಸುವುದಿಲ್ಲ. ಕನ್ನಡ ವಿಕಿಪೀಡಿಯದಿಂದ ಎರಡು ಭಾಗಗಳನ್ನು ತೆಗೆದುಕೊಂಡಾಗ ಇನ್ನೊಂದು ನಿಯಮ ಎದುರಾಯಿತು: ಅದರಿಂದ ರೂಪಿಸಿದ್ದನ್ನು ಅದೇ ಪರವಾನಗಿಯಲ್ಲೇ ಹಂಚಬೇಕು. ಆದ್ದರಿಂದ ನಮ್ಮ ಕನ್ನಡ ಅಧ್ಯಾಯಗಳನ್ನು ‘ಸಿಸಿ ಬೈ ಎಸ್‌ಎ’ ಪರವಾನಗಿಯಡಿ ಇಟ್ಟಿದ್ದೇವೆ. ಓಪನ್‌ಸ್ಟ್ಯಾಕ್ಸ್‌ನ ಎಲ್ಲ ಪುಸ್ತಕಗಳಿಗೂ ಒಂದೇ ನಿಯಮವಿಲ್ಲ ಎಂಬುದನ್ನೂ ಗಮನಿಸಬೇಕು. ಅಲ್ಲಿನ ಕಲನಶಾಸ್ತ್ರದ ಸಂಪುಟಗಳಿಗೆ ವಾಣಿಜ್ಯ ಬಳಕೆಗೆ ಅವಕಾಶವಿಲ್ಲದ ಪರವಾನಗಿಯಿದೆ. ಗಣಿತ ವಿಭಾಗದವರು ಅಂಗಡಿಗೆ ಕೊಡುವ ಮೊದಲು ಅದನ್ನು ಓದಿಕೊಳ್ಳಲಿ.

ಇನ್ನೆರಡು ಸಣ್ಣ ಸಂಗತಿಗಳು. ಉತ್ತರಸೂಚಿ, ಸ್ಲೈಡುಗಳಂಥ ಅಧ್ಯಾಪಕರ ಸಾಮಗ್ರಿಗೆ ಖಾತೆ ತೆರೆದು, ತಾನು ಅಧ್ಯಾಪಕನೆಂಬುದನ್ನು ದೃಢಪಡಿಸಬೇಕು. ಸೆಮಿಸ್ಟರ್ ಆರಂಭಕ್ಕೆ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಓಪನ್‌ಸ್ಟ್ಯಾಕ್ಸ್‌ನ ಹೆಸರು, ಲಾಂಛನ, ಮುಖಪುಟದ ವಿನ್ಯಾಸ ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ನಮ್ಮ ಕಿರುಪುಸ್ತಕಕ್ಕೆ ವಿದ್ಯಾರ್ಥಿಗಳೇ ಬೇರೆ ಮುಖಪುಟ ಬಿಡಿಸಿದರು. ಒಳಗಿನ ಚಿತ್ರಗಳ ಕೆಳಗಿನ ಕೃಪೆಯ ಸಾಲನ್ನೂ ಒಂದೊಂದಾಗಿ ನೋಡಬೇಕು.

ನಾನು ಈ ಪಠ್ಯ ಬಳಸಿದ ಅವಧಿಯಲ್ಲಿ ರಾಜ್ಯದ ಪದವಿ ಪಠ್ಯಕ್ರಮ ಎರಡು ಸಲ ಬದಲಾಯಿತು: 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿ. ಕೊಂಡ ಪುಸ್ತಕಗಳು ಕಪಾಟು ಸೇರಿದವು. ನಮ್ಮ ಅಧ್ಯಾಯಗಳನ್ನು ಮಾತ್ರ ಎರಡೂ ಸಲ ಬಿಡಿಸಿ ಹೊಸ ಕ್ರಮದಲ್ಲಿ ಕಟ್ಟಿಕೊಂಡೆವು, ಪ್ರತಿ ಸಲವೂ ಅದಕ್ಕೆ ಹಿಡಿದದ್ದು ಒಂದು ವಾರ.

ಕಳೆದ ವರ್ಷ ಚಿಕ್ಕಮಗಳೂರಿನ ಕಾಲೇಜೊಂದರ ಸಹೋದ್ಯೋಗಿಯೊಬ್ಬರು ನಮ್ಮ ಸ್ಥಿತಿಸ್ಥಾಪಕತ್ವದ ಅಧ್ಯಾಯವನ್ನು ತೆಗೆದುಕೊಂಡು, ಆಲೂಗೆಡ್ಡೆಯ ಜಾಗದಲ್ಲಿ ಕಾಫಿಯನ್ನು ಇಟ್ಟರು. ಆಲೂಗೆಡ್ಡೆಯಾದರೆ ಬೆಲೆ ಏರಿದ ಮರುವರ್ಷವೇ ಹೆಚ್ಚು ಎಕರೆಗೆ ನಾಟಿ ಮಾಡಬಹುದು. ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು, ಹಾಗಾಗಿ ಅಲ್ಪಾವಧಿ ದೀರ್ಘಾವಧಿಗಳ ವ್ಯತ್ಯಾಸ ಅಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅವರು ತಿದ್ದಿದ ಪ್ರತಿಯನ್ನು ಅದೇ ಪರವಾನಗಿಯೊಂದಿಗೆ ನನಗೆ ಹಿಂದಿರುಗಿಸಿದರು. ಸಕಲೇಶಪುರ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಈ ಸೆಮಿಸ್ಟರಿನಲ್ಲಿ ನಾನು ಪಾಠ ಮಾಡುತ್ತಿರುವುದು ಆ ಪ್ರತಿಯಿಂದಲೇ.