ಮನೆಗೆ ಬಂದ ಫೈಬರ್: ಹಲವು ವರ್ಷ ಬಳಸಿದವನ ಮಾತು

ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಇಂಟರ್‌ನೆಟ್ ಸಂಪರ್ಕ ತೆಗೆದುಕೊಳ್ಳುವವರೆಲ್ಲ ಮೊದಲು ಕೇಳುವುದು ಡೌನ್‌ಲೋಡ್ ವೇಗವನ್ನು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದೂ ಅದೇ. ಹಲವು ವರ್ಷಗಳಿಂದ ಈ ಸಂಪರ್ಕವನ್ನೇ ನಂಬಿ ದುಡಿಯುತ್ತಿರುವ ನನ್ನನ್ನು ಕೇಳಿದರೆ, ಅಪ್‌ಲೋಡ್ ವೇಗ, ಅಂದರೆ ಮನೆಯಿಂದ ಹೊರಕ್ಕೆ ಕಳಿಸುವ ವೇಗ, ಎಷ್ಟೆಂದು ಮೊದಲು ವಿಚಾರಿಸಿ ಎನ್ನುತ್ತೇನೆ. ನಮ್ಮ ಮನೆಯ ದುಡಿಮೆಯನ್ನು ಬದಲಿಸಿದ್ದು ಅದು.

ನಾನು ವಿಡಿಯೊ ಸಂಕಲನಕಾರ. ಹಿಂದೆ ನಮ್ಮಲ್ಲಿದ್ದದ್ದು ದೂರವಾಣಿಯ ತಾಮ್ರದ ತಂತಿಯ ಮೇಲೆ ಬರುತ್ತಿದ್ದ ಡಿಎಸ್‌ಎಲ್. ಆ ತಂತ್ರಜ್ಞಾನದಲ್ಲಿ ತಂತಿಯ ಆವರ್ತನಗಳ ಬಹುಪಾಲನ್ನು ಡೌನ್‌ಲೋಡಿಗೇ ಮೀಸಲಿಡುತ್ತಾರೆ. ಮೇಲೆ ಕಳಿಸಲು ಉಳಿಯುವುದು ಕಿರಿದಾದ ಒಂದು ಪಟ್ಟಿ. ದೂರವಾಣಿ ವಿನಿಮಯ ಕೇಂದ್ರದಿಂದ ಮನೆ ದೂರವಾದಷ್ಟೂ ಅದೂ ಸೊರಗುತ್ತದೆ. ಲೆಕ್ಕ ಹಾಕಿ ನೋಡಿ: 10 ಗಿಗಾಬೈಟ್‌ನ ಒಂದು ವಿಡಿಯೊವನ್ನು 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್; 8 ಬಿಟ್ ಸೇರಿದರೆ ಒಂದು ಬೈಟ್) ಅಪ್‌ಲೋಡಿನಲ್ಲಿ ಕಳಿಸಲು 22 ಗಂಟೆಗೂ ಹೆಚ್ಚು ಬೇಕು. 100 ಎಂಬಿಪಿಎಸ್ ಇದ್ದರೆ ಸುಮಾರು 13 ನಿಮಿಷ ಸಾಕು. 22 ಗಂಟೆ ಹಿಡಿಯುವ ಕೆಲಸಕ್ಕೆ ಗ್ರಾಹಕರು ಹಾರ್ಡ್ ಡಿಸ್ಕ್ ತೆಗೆದುಕೊಂಡು ಬಾ ಎನ್ನುತ್ತಾರೆ, ಅಂದರೆ ಅವರ ಊರಿನಲ್ಲೇ ನಾನು ಇರಬೇಕು. 13 ನಿಮಿಷದ ಕೆಲಸಕ್ಕೆ ನಾನು ಎಲ್ಲಿದ್ದೇನೆ ಎಂದು ಯಾರೂ ಕೇಳುವುದಿಲ್ಲ. ಫೈಬರ್ ಬಂದ ಮೇಲೆ ನನಗೆ ಕೆಲಸ ಕೊಟ್ಟವರಲ್ಲಿ ಹೆಚ್ಚಿನವರನ್ನು ನಾನು ಮುಖತಃ ಕಂಡೇ ಇಲ್ಲ.

ಮಡದಿಯದೂ ಇದೇ ಅನುಭವ. ಅವಳು ಮನೆಯಿಂದಲೇ ಗಣಿತ ಪಾಠ ಹೇಳುತ್ತಾಳೆ. ಪಾಠ ಕೇಳುವ ಮಗುವಿಗೆ ಡೌನ್‌ಲೋಡ್ ಚೆನ್ನಾಗಿದ್ದರೆ ಸಾಕು, ಪಾಠ ಹೇಳುವವರಿಗೆ ಅಪ್‌ಲೋಡ್ ಬೇಕು. ಅತಿವೇಗದ ಇಂಟರ್‌ನೆಟ್ ಸಮಾಜಕ್ಕೆ ಏನು ಮಾಡಿದೆ ಎಂಬ ಚರ್ಚೆಗಳಲ್ಲಿ ಸಿನಿಮಾ ನೋಡುವುದು, ಸಾಮಾನು ತರಿಸಿಕೊಳ್ಳುವುದು ಇಂಥವೇ ಮುಂದೆ ಬರುತ್ತವೆ. ಅವೆಲ್ಲ ಕೊಳ್ಳುವವರ ಕಡೆಯ ಮಾತು. ಮನೆಯೊಂದು ದುಡಿಯುವ, ತಯಾರಿಸುವ, ಮಾರುವ ಜಾಗವಾಗಬೇಕಾದರೆ ಅಲ್ಲಿಂದ ಹೊರಕ್ಕೆ ಹೋಗುವ ದಾರಿ ಅಗಲವಾಗಿರಬೇಕು. ಲೆಕ್ಕಪತ್ರ ನೋಡುವವರು, ಕ್ಷ-ಕಿರಣದ ಚಿತ್ರ ನೋಡಿ ದೂರದಿಂದಲೇ ವರದಿ ಬರೆಯುವ ವೈದ್ಯರು, ತಮ್ಮ ಕೈಕೆಲಸವನ್ನು ನೇರಪ್ರಸಾರದಲ್ಲಿ ತೋರಿಸಿ ಮಾರುವವರು, ಎಲ್ಲರಿಗೂ ಬೇಕಾದದ್ದು ಅದು. ನಿಯಂತ್ರಕರಿಗೂ ಇದು ತಡವಾಗಿಯಾದರೂ ಹೊಳೆದಿದೆ. ಅಮೆರಿಕದ ಸಂಪರ್ಕ ಆಯೋಗ 2015ರಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 25 ಎಂಬಿಪಿಎಸ್ ಡೌನ್‌ಲೋಡ್, 3 ಎಂಬಿಪಿಎಸ್ ಅಪ್‌ಲೋಡ್ ಸಾಕು ಎಂದಿತ್ತು. 2024ರಲ್ಲಿ ಅದನ್ನು 100 ಮತ್ತು 20ಕ್ಕೆ ಏರಿಸಿತು. ಡೌನ್‌ಲೋಡ್ ನಾಲ್ಕು ಪಟ್ಟು ಏರಿದರೆ ಅಪ್‌ಲೋಡ್ ಏರಿದ್ದು ಆರು ಪಟ್ಟಿಗೂ ಹೆಚ್ಚು.

ದೊಡ್ಡ ಪ್ರಮಾಣದಲ್ಲಿ ಇದರ ಫಲ ಹೇಗಿರುತ್ತದೆ ಎಂಬುದಕ್ಕೆ ನನಗೆ ತುಂಬ ಹಿಡಿಸಿದ ಆಧಾರ ಆಫ್ರಿಕಾದ್ದು. ಸಮುದ್ರದಡಿಯ ಕೇಬಲ್‌ಗಳು ಆ ಖಂಡದ ತೀರ ಮುಟ್ಟಿದ ಮೇಲೆ ಉದ್ಯೋಗಕ್ಕೆ ಏನಾಯಿತು ಎಂದು ಯೋನಾಸ್ ಯೋರ್ಟ್ ಮತ್ತು ಯೋನಾಸ್ ಪೌಲ್ಸೆನ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ವೇಗದ ಸಂಪರ್ಕ ಸಿಕ್ಕ ಜಾಗಗಳಲ್ಲಿ ಉದ್ಯೋಗ ಹೆಚ್ಚಿತ್ತು, ಕಡಿಮೆ ಓದಿದವರಿಗೂ ಅದರ ಪಾಲು ದಕ್ಕಿತ್ತು. ಯಂತ್ರ ಬಂದರೆ ಓದಿದವರಿಗೆ ಮಾತ್ರ ಲಾಭ ಎನ್ನುವವರ ಮುಂದೆ ನಾನು ಈ ಅಧ್ಯಯನವನ್ನು ಇಡುತ್ತೇನೆ.

ಇನ್ನು ಕೊರತೆಗಳು. ಮೊದಲನೆಯದು, ನಿಮಗೆ ಕೊಟ್ಟ ವೇಗ ನಿಮ್ಮೊಬ್ಬರದಲ್ಲ. ಮನೆಗಳಿಗೆ ಕೊಡುವ ಫೈಬರ್‌ನಲ್ಲಿ ವ್ಯಾಪಕವಾಗಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆಯನ್ನು ವಿದ್ಯುತ್ ಬೇಡದ ಗಾಜಿನ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅಷ್ಟೂ ಮನೆಗೆ ಸೇರಿ ಇರುವುದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ (2,500 ಎಂಬಿಪಿಎಸ್) ಡೌನ್‌ಲೋಡ್, ಅದರ ಅರ್ಧ ಅಪ್‌ಲೋಡ್. 32 ಮನೆಯವರೂ ಒಟ್ಟಿಗೆ ಪೂರ್ತಿ ವೇಗ ಕೇಳಿದರೆ ತಲಾ 80 ಎಂಬಿಪಿಎಸ್ ಕೂಡ ಬಾರದು. ಎಲ್ಲರೂ ಒಂದೇ ಕ್ಷಣದಲ್ಲಿ ಕೇಳುವುದಿಲ್ಲ ಎಂಬ ಭರವಸೆಯ ಮೇಲೆ 300, 500 ಎಂಬಿಪಿಎಸ್ ಎಂಬ ಅಂಕಿಗಳನ್ನು ಮಾರುತ್ತಾರೆ. ಸಾಮಾನ್ಯವಾಗಿ ಆ ಭರವಸೆ ನಿಲ್ಲುತ್ತದೆ. ಸಂಜೆ ಮನೆಮನೆಯಲ್ಲೂ ವಿಡಿಯೊ ಓಡುವ ಹೊತ್ತಿಗೆ ನಮ್ಮಲ್ಲಿ ಅದು ಸಡಿಲವಾಗುತ್ತದೆ, ದೊಡ್ಡ ಫೈಲ್‌ಗಳನ್ನು ನಾನು ಬೆಳಿಗ್ಗೆ ಕಳಿಸುತ್ತೇನೆ.

ಎರಡನೆಯದು ನಂಬಿಕೆಯ ಪ್ರಶ್ನೆ. ಇದರಲ್ಲಿ ನನಗೆ ಸಿಟ್ಟಿದೆ. ಒಮ್ಮೆ ರಸ್ತೆ ಅಗೆಯುವಾಗ ಎಳೆ ತುಂಡಾಗಿ, ಅದು ಮನೆಯೊಳಗೆ ಬಂದು ಸೇರುವ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯತೊಡಗಿತು. ಆ ದೀಪದ ಅರ್ಥ ಬೆಳಕು ಬರುತ್ತಿಲ್ಲ ಎಂದು; ಮನೆಯೊಳಗೆ ಏನು ಮಾಡಿದರೂ ಅದು ಸರಿಹೋಗುವುದಿಲ್ಲ. ಆದರೂ ದೂರು ಕೊಟ್ಟಾಗಲೆಲ್ಲ ಕಂಪನಿಯವರು ರೂಟರ್ ಆರಿಸಿ ಮತ್ತೆ ಹಚ್ಚಿ ಎನ್ನುತ್ತಲೇ ಇದ್ದರು. ಎಳೆ ಜೋಡಿಸುವ ಕೆಲಸಗಾರ ಬಂದ ಮೇಲೆ ಬೇಗನೇ ಮುಗಿಸಿದ; ಅವನನ್ನು ಕಳಿಸುವುದಕ್ಕೇ ದಿನಗಳು ಹೋದವು. ಇಷ್ಟು ಹೊತ್ತಿಗೆ ಅಡಚಣೆ ಸರಿಹೋಗುತ್ತದೆ ಎಂಬ ಲಿಖಿತ ಭರವಸೆಯನ್ನು ನಮ್ಮ ಕಂಪನಿ ಮನೆಯ ಗ್ರಾಹಕರಿಗೆ ಕೊಡುವುದಿಲ್ಲ, ಅದನ್ನು ವ್ಯಾಪಾರ ಸಂಸ್ಥೆಗಳಿಗೆ ಮಾತ್ರ ಮಾರುತ್ತದೆ. ಮನೆಯೇ ವ್ಯಾಪಾರ ಸಂಸ್ಥೆಯಾಗಿರುವ ಕಾಲದಲ್ಲಿ ಇದು ಅನ್ಯಾಯ. ಹಳೆಯ ದೂರವಾಣಿ ತಂತಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಪೆಟ್ಟಿಗೆಗೂ ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಲೇಬೇಕು.

ಎಳೆ ತುಂಡಾಗುವ ಈ ಪಾಡು ಒಂದು ಇಡೀ ದೇಶಕ್ಕೆ ಬಂದದ್ದುಂಟು. 2022ರ ಜನವರಿ 15ರಂದು ಟೊಂಗಾದ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ ಆ ದ್ವೀಪರಾಷ್ಟ್ರವನ್ನು ಹೊರಜಗತ್ತಿಗೆ ಜೋಡಿಸಿದ್ದ ಏಕೈಕ ಕೇಬಲ್ ತುಂಡಾಯಿತು. ಅದನ್ನು ಸರಿಪಡಿಸಲು ಸುಮಾರು ಐದು ವಾರ ಹಿಡಿಯಿತು. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣವನ್ನು ಬಹಳವಾಗಿ ನೆಚ್ಚಿದ ನಾಡು ಅದು. ಅಲ್ಲಿ ಎಳೆ ಕಡಿದರೆ ಮನೆಖರ್ಚಿನ ದಾರಿಯೂ ಕಡಿಯುತ್ತದೆ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸದ ಕಂಪ್ಯೂಟರಿಗೆ ತಂತಿಯನ್ನೇ ಹಾಕಿ. ವಿಳಂಬದ ಬಗ್ಗೆಯೂ ಒಂದು ಮಾತು: ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ಆಚೆಯವರೊಂದಿಗೆ ಮಾತನಾಡುವಾಗ ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಯಾವ ದುಬಾರಿ ಯೋಜನೆಯೂ ಅದನ್ನು ತಗ್ಗಿಸಲಾರದು.

ಬೆಲೆಯ ಪಟ್ಟಿಯಲ್ಲಿ ಕಾಣದ ಒಂದು ಖರ್ಚಿದೆ. ಕಚೇರಿಯ ಜಾಗ, ವಿದ್ಯುತ್, ಸಂಪರ್ಕ, ಕುರ್ಚಿ ಎಲ್ಲವನ್ನೂ ಹಿಂದೆ ಕೆಲಸ ಕೊಡುವವರು ನೋಡಿಕೊಳ್ಳುತ್ತಿದ್ದರು. 2020ರ ನಂತರ ಎಷ್ಟೋ ಮಂದಿಯ ಪಾಲಿಗೆ ಅದು ಮನೆಯವರ ಹೆಗಲಿಗೆ ಬಿತ್ತು. 13 ನಿಮಿಷದಲ್ಲಿ ಕಳಿಸಬಲ್ಲೆ ಎಂದು ಗೊತ್ತಾದ ಗ್ರಾಹಕರು ರಾತ್ರಿ ಹತ್ತಕ್ಕೂ ತಿದ್ದುಪಡಿ ಹೇಳುತ್ತಾರೆ. ಈಗ ನಾನು ಒಪ್ಪಂದದಲ್ಲೇ ಕೆಲಸದ ಹೊತ್ತನ್ನು ಬರೆದುಬಿಡುತ್ತೇನೆ. ಹಾಗೆ ಬರೆಸಿಕೊಳ್ಳುವ ಬಲ ಸಂಬಳದ ಕೆಲಸದಲ್ಲಿರುವ ಬಹಳ ಜನರಿಗಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಇಂಟರ್‌ನೆಟ್ಟನ್ನೇ ಬಳಸದವರು ಜಗತ್ತಿನಲ್ಲಿ ಆಗಲೂ 260 ಕೋಟಿ ಇದ್ದರು. ಅರ್ಜಿ, ಪರೀಕ್ಷೆ, ಸಂಬಳ ಎಲ್ಲ ಆನ್‌ಲೈನ್ ಆದಷ್ಟೂ ಅವರು ನಿಂತಲ್ಲೇ ನಿಂತರೂ ಹಿಂದೆ ಸರಿಯುತ್ತಾರೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿಯಾಗಿ ದುರಸ್ತಿಯ ವಿಳಂಬಕ್ಕೆ. ಕೊಳ್ಳುವ ಮುನ್ನ ಅಪ್‌ಲೋಡ್ ವೇಗ ಎಷ್ಟು, ಒಂದು ಎಳೆಯನ್ನು ಎಷ್ಟು ಮನೆಗೆ ಹಂಚಿದ್ದಾರೆ, ಎಳೆ ತುಂಡಾದರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದೇ ಎಳೆಯ ಮೇಲೆ 10 ಗಿಗಾಬಿಟ್‌ವರೆಗೆ, ಎರಡೂ ದಿಕ್ಕಿಗೆ ಸಮವೇಗ ಕೊಡುವ ಎಕ್ಸ್‌ಜಿಎಸ್-ಪಾನ್ ಉಪಕರಣಗಳು ಈಗ ಬಂದಿವೆ. ನಮ್ಮ ಕಂಪನಿ ಅದನ್ನು ಕೊಟ್ಟರೆ ಡೌನ್‌ಲೋಡನ್ನು ಒಂದಿಷ್ಟೂ ಹೆಚ್ಚಿಸದೆ, ಅಪ್‌ಲೋಡನ್ನು ಅದಕ್ಕೆ ಸಮ ಮಾಡುವ ಯೋಜನೆಗೆ ಹೆಚ್ಚು ಹಣ ತೆರಲು ನಾನು ಸಿದ್ಧ.