ಶ್ಲೋಕವಿಲ್ಲದ ಆಸನ: ಮನೆಯಲ್ಲಿ ಹಾಕಿಕೊಳ್ಳಬಹುದಾದ ಯೋಗ ವಿಡಿಯೊಗಳ ವಿಮರ್ಶೆ

ಯೋಗದ ವಿಡಿಯೊಗಳಿಗೆ ಯೂಟ್ಯೂಬಿನಲ್ಲಿ ಬರವಿಲ್ಲ. ಬರವಿರುವುದು ಚಕ್ರ, ಕುಂಡಲಿನಿ, ವಿಶ್ವಚೈತನ್ಯ ಇವುಗಳ ಗೊಡವೆಗೆ ಹೋಗದೆ ಕೈಕಾಲು ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು ಎಂಬುದನ್ನಷ್ಟೇ ಹೇಳಿಕೊಡುವ ವಿಡಿಯೊಗಳಿಗೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಹಾಲಿನಲ್ಲಿ ಬೆಳಿಗ್ಗೆ ಸೇರುವ ನಾಲ್ಕೈದು ಮಂದಿ ಹೆಂಗಸರಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ ಬರುವವರಿದ್ದಾರೆ, ನಮಾಜು ಮುಗಿಸಿ ಬರುವವರಿದ್ದಾರೆ, ಯಾವುದನ್ನೂ ಮಾಡದೆ ಕಾಫಿ ಕುಡಿದು ನೇರವಾಗಿ ಬರುವವರೂ ಇದ್ದಾರೆ. ಎಲ್ಲರಿಗೂ ಬೇಕಾದದ್ದು ಸೊಂಟ ಮತ್ತು ಭುಜದ ಬಿಗಿತ ಸಡಿಲವಾಗುವಂತಹ ಅರ್ಧ ಗಂಟೆಯ ವ್ಯಾಯಾಮ. "ಅಕ್ಕಾ, ದೇವರ ಕೆಲಸ ಮನೇಲಿ ಆಗಿದೆ, ಇಲ್ಲಿ ಬೆನ್ನಿನ ಕೆಲಸ ಆಗ್ಲಿ" ಎಂದು ಅವರಲ್ಲೊಬ್ಬರು ಹೇಳಿದ ಮಾತೇ ಈ ಆಯ್ಕೆಗೆ ಅಳತೆಗೋಲಾಯಿತು.

ಅಧ್ಯಾತ್ಮವನ್ನು ತೆಗೆದರೆ ಯೋಗದಲ್ಲಿ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಇಂದು ಜಗತ್ತಿನಾದ್ಯಂತ ವಿಡಿಯೊಗಳಲ್ಲಿ ಕಾಣುವ, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನೊಂದಿಗೆ ಸಾಗುವ ಶೈಲಿಯನ್ನು ರೂಪಿಸಿದವರಲ್ಲಿ ಮೊದಲಿಗರಾದ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಅವರು ಹುಡುಗರಿಗೆ ಕಲಿಸಿದ್ದು ಬೆವರಿಳಿಸುವ ಕಸರತ್ತನ್ನೇ. ಮುಂದೆ ಯೋಗಗುರುಗಳಾಗಿ ಜಗತ್ತಿಗೆ ಪರಿಚಿತರಾದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾದೇವಿ ಮೂವರೂ ಅವರ ಶಿಷ್ಯರು. ಆಚಾರ್ಯರು ಸ್ವತಃ ನಿಷ್ಠಾವಂತ ಶ್ರೀವೈಷ್ಣವರಾಗಿದ್ದರೆಂಬುದೂ ನಿಜವೇ. ಇನ್ನು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರು ಅಲೆದು ಯೋಗವನ್ನೂ ವ್ಯಾಯಾಮವನ್ನೂ ಒಟ್ಟಿಗೇ ಕಲಿಸಿದ್ದನ್ನು ಈ ಭಾಗದ ಹಿರಿಯರು ಈಗಲೂ ನೆನೆಯುತ್ತಾರೆ. ಆದ್ದರಿಂದ ಆಸನವನ್ನು ಅಂಗಸಾಧನೆಯಾಗಿ ಮಾತ್ರ ಮಾಡುವುದು ಹೊರಗಿನಿಂದ ಬಂದ ಚಾಳಿಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ.

ಆಯ್ಕೆಯ ವಿಷಯಕ್ಕೆ ಬಂದರೆ, ಮನೆಯಲ್ಲಿ ಮಾಡುವ ಯೋಗಕ್ಕೆ ವಿಡಿಯೊದ ಚಿತ್ರಕ್ಕಿಂತ ಮಾತು ಮುಖ್ಯ. ಕೈಕಾಲು ನೆಲಕ್ಕೂರಿ ಸೊಂಟವನ್ನು ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ತಲೆ ಎರಡು ತೋಳುಗಳ ನಡುವೆ ಕೆಳಗಿರುತ್ತದೆ. ಆಗ ಕಾಣುವುದು ಸ್ವಂತ ಮಂಡಿಗಳು ಮತ್ತು ಹಿಂದಿನ ಗೋಡೆ ಮಾತ್ರ, ಟಿವಿ ಕಾಣುವುದಿಲ್ಲ. ಕತ್ತು ತಿರುಗಿಸಿ ನೋಡಲು ಹೋದರೆ ಕತ್ತು ಹಿಡಿದುಕೊಳ್ಳುತ್ತದೆ. ಹಾಗಾಗಿ ಹೊಸ ವಿಡಿಯೊವನ್ನು ನಾನು ಮೊದಲು ಫೋನನ್ನು ಮಗುಚಿ ಇಟ್ಟು ಐದು ನಿಮಿಷ ಕೇಳುತ್ತೇನೆ. "ಬಲಪಾದವನ್ನು ಹೊರಕ್ಕೆ ತಿರುಗಿಸಿ, ಮಂಡಿ ಪಾದದ ದಿಕ್ಕಿಗೇ ಇರಲಿ, ಕೈ ನೆಲಕ್ಕೆ ಎಟುಕದಿದ್ದರೆ ಕಣಕಾಲಿನ ಮೇಲಿಡಿ" ಎಂಬ ಬಗೆಯ ಮಾತು ಕೇಳಿದರೆ ಆ ತ್ರಿಕೋನಾಸನವನ್ನು ಕಣ್ಣು ಮುಚ್ಚಿಯೂ ಮಾಡಬಹುದು. ಅದರ ಬದಲು ಬೆಳಕು ಒಳಗೆ ಹರಿಯುತ್ತಿದೆ, ಹೃದಯ ಅರಳುತ್ತಿದೆ ಎಂದಷ್ಟೇ ಕೇಳಿದರೆ ಮಂಡಿ ಯಾವ ಕಡೆ ವಾಲಿದೆಯೆಂದು ಹೇಳುವವರು ಯಾರೂ ಇಲ್ಲ. ಅಧ್ಯಾತ್ಮದ ಮಾತಿಗೆ ನನ್ನ ತಕರಾರು ಇರುವುದು ಇಲ್ಲಿಯೇ: ಸೂಚನೆ ಬರಬೇಕಾದ ಕ್ಷಣವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ಮೊದಲಿಗೊಂದು ಪ್ರಾರ್ಥನೆ, ಕೊನೆಗೊಂದು ಶಾಂತಿಮಂತ್ರ ಇದ್ದರೆ ಅವನ್ನು ದಾಟಿಸಿ ಮುಂದೆ ಹೋಗಬಹುದು. ನಡುನಡುವೆ ಬೆರೆತ ಪ್ರವಚನವನ್ನು ಆರಿಸಿ ತೆಗೆಯುವುದು ಸಾಧ್ಯವಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ಆಯುಷ್ ಸಚಿವಾಲಯವು ಜೂನ್ 21ರ ಯೋಗ ದಿನಕ್ಕೆಂದು ಸಿದ್ಧಪಡಿಸಿದ ಸಾಮಾನ್ಯ ಯೋಗ ಶಿಷ್ಟಾಚಾರವೇ (ಕಾಮನ್ ಯೋಗ ಪ್ರೋಟೋಕಾಲ್) ಅಚ್ಚರಿಯ ಮಟ್ಟಿಗೆ ಉಪಯುಕ್ತವಾಗಿದೆ. ಸುಮಾರು 45 ನಿಮಿಷದ ಈ ಕ್ರಮ ಋಗ್ವೇದದ ಪ್ರಾರ್ಥನೆಯಿಂದ ಆರಂಭವಾಗಿ ಧ್ಯಾನ, ಸಂಕಲ್ಪ, ಶಾಂತಿಪಾಠಗಳಿಂದ ಮುಗಿಯುತ್ತದೆ. ಆದರೆ ಮಧ್ಯದ ಭಾಗ ಅಪ್ಪಟ ವ್ಯಾಯಾಮ. ಕತ್ತು, ಭುಜ, ಸೊಂಟ, ಮಂಡಿಗಳ ಸಡಿಲಿಕೆಯಾದ ಮೇಲೆ ತಾಡಾಸನ, ವೃಕ್ಷಾಸನದಂತಹ ನಿಂತು ಮಾಡುವ ಆಸನಗಳು, ಆಮೇಲೆ ಕುಳಿತು ಮಾಡುವ ಭದ್ರಾಸನ, ವಜ್ರಾಸನ, ವಕ್ರಾಸನ, ಬೋರಲು ಮಲಗಿ ಮಾಡುವ ಭುಜಂಗಾಸನ ಮತ್ತು ಶಲಭಾಸನ, ಕೊನೆಗೆ ಅಂಗಾತ ಮಲಗಿ ಸೇತುಬಂಧ, ಪವನಮುಕ್ತಾಸನ, ಶವಾಸನ. ಯಾರು ಯಾವುದನ್ನು ಮಾಡಬಾರದೆಂಬ ಎಚ್ಚರಿಕೆಗಳೂ ಅದರ ಕೈಪಿಡಿಯಲ್ಲಿವೆ. ಸೂರ್ಯನಮಸ್ಕಾರ ಇದರಲ್ಲಿಲ್ಲ. ಹುರುಪಿನ ವ್ಯಾಯಾಮ ಬೇಕೆನ್ನುವವರಿಗೆ ಇದು ಸಪ್ಪೆಯೆನಿಸಬಹುದು. ನಮ್ಮ ಹಾಲಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಮೂರನೆಯ ಆಸನಕ್ಕೇ ಆಕಳಿಸಿದಳು. ಐವತ್ತು ದಾಟಿದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣಲಿಲ್ಲ, ಕಾಸಿನ ಖರ್ಚೂ ಇಲ್ಲ.

ಇಂಗ್ಲಿಷ್ ಅರ್ಥವಾಗುವವರಿಗೆ ಆಯ್ಕೆ ಹೆಚ್ಚು. ಅಮೆರಿಕದ ಟೆಕ್ಸಾಸಿನಿಂದ 2012ರಿಂದ ಬರುತ್ತಿರುವ ಯೋಗ ವಿತ್ ಏಡ್ರಿಯನ್ ವಾಹಿನಿ ಉಚಿತವಾಗಿದೆ, ಹೊಸಬರಿಗೆ ತಕ್ಕ ನಿಧಾನವೂ ಅದರಲ್ಲಿದೆ. ತತ್ತ್ವಬೋಧೆ ಕಡಿಮೆ, ಕೊನೆಗೊಂದು ನಮಸ್ತೆ ಇರುತ್ತದೆ. ಆದರೆ ಹರಟೆ ಹೆಚ್ಚು. ಇಂಗ್ಲಿಷ್ ಅಷ್ಟಕ್ಕಷ್ಟೇ ಆಗಿರುವವರಿಗೆ ಯಾವುದು ಸೂಚನೆ, ಯಾವುದು ತಮಾಷೆ ಎಂದು ಬೇರ್ಪಡಿಸುವಷ್ಟರಲ್ಲಿ ಆಸನ ಮುಗಿದಿರುತ್ತದೆ. ಮ್ಯಾನ್ ಫ್ಲೋ ಯೋಗ ಎಂಬುದು ಅಧ್ಯಾತ್ಮವನ್ನು ಬದಿಗಿಟ್ಟು ಸ್ನಾಯುಬಲ ಮತ್ತು ಮೈಯ ಬಾಗುವಿಕೆಗಷ್ಟೇ ಗಮನ ಕೊಡುವ ವಾಹಿನಿ. ಹೆಸರು ಗಂಡಸರದ್ದಾದರೂ ಹೆಂಗಸರು ಮಾಡಬಾರದಂಥದ್ದು ಅದರಲ್ಲೇನೂ ಇಲ್ಲ. ಯಾವ ಸ್ನಾಯು ಬಿಗಿಯಬೇಕು, ಯಾವುದು ಸಡಿಲವಿರಬೇಕು ಎಂದು ಹೇಳುವ ಸ್ಪಷ್ಟತೆಯಿಂದಾಗಿ ನನ್ನ ಮೊದಲ ಮತ ಇದಕ್ಕೇ. ಕುಸ್ತಿಪಟು ಡೈಮಂಡ್ ಡಲ್ಲಾಸ್ ಪೇಜ್ ತಮ್ಮ ಬೆನ್ನಿನ ಗಾಯದಿಂದ ಚೇತರಿಸಿಕೊಂಡ ಅನುಭವದಿಂದ ಕಟ್ಟಿದ ಡಿಡಿಪಿ ಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಸನಗಳ ಹೆಸರುಗಳನ್ನೇ ಬದಲಿಸಿದೆ. ಮೈಯನ್ನೆಲ್ಲ ಬಿಗಿಹಿಡಿದು ಮಾಡುವ ಅದರ ಪದ್ಧತಿಯನ್ನು ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. ಅದರ ಗದ್ದಲವೂ ಗರಡಿಮನೆಯದೇ. ಬೆಳಗಿನ ಆರು ಗಂಟೆಗೆ ಅಕ್ಕಪಕ್ಕದವರ ಮುಖ ನೋಡಿ ಧ್ವನಿ ತಗ್ಗಿಸಬೇಕಾಗುತ್ತದೆ. ಟೋನಿ ಹಾರ್ಟನ್ ಅವರ ಪಿ90ಎಕ್ಸ್ ಎಂಬ ವ್ಯಾಯಾಮ ವಿಡಿಯೊ ಸರಣಿಯ ಯೋಗದ ಭಾಗ ಒಂದೂವರೆ ಗಂಟೆಯಷ್ಟು ಉದ್ದವಿದ್ದು, ಅಡುಗೆಮನೆಯ ಜವಾಬ್ದಾರಿ ಇರುವವರಿಗೆ ಆಗುವ ಮಾತಲ್ಲ. ಹಣ ಕೊಡಲು ಸಿದ್ಧರಿದ್ದರೆ ಡೌನ್ ಡಾಗ್ ಎಂಬ ಆಪ್ ಇದೆ: ಎಷ್ಟು ಹೊತ್ತು, ಯಾವ ಮಟ್ಟ, ದೇಹದ ಯಾವ ಭಾಗಕ್ಕೆ ಒತ್ತು, ಯಾವ ಧ್ವನಿ ಎಂಬುದನ್ನು ನಾವೇ ಆರಿಸಿದರೆ ಅದು ಪ್ರತಿ ಸಲ ಹೊಸ ಕ್ರಮವನ್ನು ಜೋಡಿಸಿ ಕೊಡುತ್ತದೆ.

ಕನ್ನಡದ ವಿಡಿಯೊಗಳ ಬಗ್ಗೆ ಬೇಸರದಿಂದಲೇ ಬರೆಯಬೇಕಾಗಿದೆ. ಉಚ್ಚಾರಣೆ ಚೆನ್ನಾಗಿದೆ, ಕಲಿಸುವವರ ಮೈ ಹದವಾಗಿ ಬಾಗುತ್ತದೆ, ಆದರೆ ಹಲವು ವಿಡಿಯೊಗಳಲ್ಲಿ ಆಸನಕ್ಕಿಂತ ಅದರ ಮಹಿಮೆಯ ವರ್ಣನೆಯೇ ದೊಡ್ಡದು. ಶ್ಲೋಕವನ್ನು ಬಿಟ್ಟ ವಿಡಿಯೊಗಳು ಕೂಡ ಆ ಜಾಗದಲ್ಲಿ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಥೈರಾಯ್ಡ್ ಮಾತ್ರೆ ಬಿಡಬಹುದು ಎಂಬ ಭರವಸೆಗಳನ್ನು ತುಂಬುತ್ತವೆ. ಮಂತ್ರ ಕೇಳಿದರೆ ನಷ್ಟವೇನಿಲ್ಲ. ಈ ಮಾತು ಕೇಳಿ ಮಾತ್ರೆ ಬಿಟ್ಟರೆ ಆಸ್ಪತ್ರೆ ಸೇರಬೇಕಾಗುತ್ತದೆ. ಹೊಟ್ಟೆಯನ್ನು ಒಳಕ್ಕೆಳೆದು ರಭಸದಿಂದ ಉಸಿರು ಹೊರದಬ್ಬುವ ಕಪಾಲಭಾತಿಯನ್ನು ಎಲ್ಲರೂ ಮಾಡಬಹುದೆನ್ನುವ ವಿಡಿಯೊವನ್ನು ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಏಕೆಂದರೆ ಗರ್ಭಿಣಿಯರು, ಅಧಿಕ ರಕ್ತದೊತ್ತಡ ಅಥವಾ ಹರ್ನಿಯಾ ಇರುವವರು ಅದನ್ನು ಮಾಡಬಾರದು. ಕನ್ನಡಿಯ ಹಾಗೆ ಎದುರು ನಿಂತು ತಮ್ಮ ಎಡಗೈ ಎತ್ತುತ್ತಾ "ಬಲಗೈ ಎತ್ತಿ" ಎನ್ನುವ ಶಿಕ್ಷಕರು ಕೆಲವರಿದ್ದಾರೆ; ಹೊಸಬರಿಗೆ ಅದೊಂದು ದೊಡ್ಡ ಅನುಕೂಲ.

ಅಧ್ಯಾತ್ಮ ಬೇಡವೆನ್ನುವ ಭರದಲ್ಲಿ ಉಸಿರಿನ ಸೂಚನೆಯನ್ನೂ ಶವಾಸನವನ್ನೂ ಕತ್ತರಿಸಿದ ವಿಡಿಯೊಗಳು ಕೂಡ ಇವೆ, ಅವುಗಳನ್ನು ಆಯಬಾರದು. ಮುಂದಕ್ಕೆ ಬಾಗುವಾಗ ಉಸಿರು ಬಿಡುವುದರಲ್ಲಿ ದೈವಿಕವಾದದ್ದೇನೂ ಇಲ್ಲ. ಉಸಿರು ಕಟ್ಟಿ ಬಾಗಿದರೆ ಹೊಟ್ಟೆ ಒತ್ತುತ್ತದೆ, ತಲೆ ಸುತ್ತಲೂಬಹುದು. ಏರಿದ ಎದೆಬಡಿತ ಇಳಿಯಲು ಕೊನೆಗೆ ಐದು ನಿಮಿಷದ ವಿಶ್ರಾಂತಿ ಬೇಕು. ಆ ಐದು ನಿಮಿಷದ ನಡುವೆಯೇ ಚಿನ್ನದಂಗಡಿಯ ಜಾಹೀರಾತು ಅಬ್ಬರಿಸುವುದು ಉಚಿತ ವಿಡಿಯೊಗಳ ಶಾಪ. ನಾವು ಅಷ್ಟು ಹೊತ್ತಿಗೆ ಫೋನಿನ ಸದ್ದು ಅಡಗಿಸಿ ಗೋಡೆ ಗಡಿಯಾರ ನೋಡಿಕೊಳ್ಳುತ್ತೇವೆ.

ವೇಗ ಹೆಚ್ಚೆನಿಸಿದರೆ ಯೂಟ್ಯೂಬಿನಲ್ಲಿ ಅದನ್ನು 0.75ಕ್ಕೆ ಇಳಿಸಬಹುದು, ಧ್ವನಿ ತುಸು ಎಳೆದಂತಾದರೂ ಸೂಚನೆ ಕೈಗೆ ಸಿಗುತ್ತದೆ. ನುಣುಪಾದ ಟೈಲ್ಸ್ ನೆಲದ ಮೇಲೆ ತೆಳುವಾದ ಚಾಪೆ ಜಾರುತ್ತದೆ, ನಮ್ಮೂರ ಮಂಡಿಪೇಟೆಯ ಅಂಗಡಿಗಳಲ್ಲಿ ಕೊಳ್ಳುವಾಗ ಅಂಗೈ ಊರಿ ಎಳೆದು ನೋಡಿ ಕೊಳ್ಳುವುದು ಒಳ್ಳೆಯದು. ನಮ್ಮ ಹಾಲಿನಲ್ಲಿ ಈಗ ಹಿರಿಯರಿಗೆ ಆಯುಷ್ ಕ್ರಮದ ಮಧ್ಯಭಾಗ, ಹುಡುಗಿಯರಿಗೆ ಮ್ಯಾನ್ ಫ್ಲೋ ಯೋಗ ಎಂದು ನಿಗದಿಯಾಗಿದೆ. ಮಂಡಿ ಸವೆದವರು ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನವನ್ನು ಬಿಟ್ಟು ಆ ಹೊತ್ತಿಗೆ ಕುರ್ಚಿಯ ಮೇಲೆ ಕುಳಿತು ಕಾಲನ್ನು ಮುಂದಕ್ಕೆ ಚಾಚಿ ಮಡಿಸುತ್ತಾರೆ.