ಏರ್ ಪಿಸ್ತೂಲಿನ ಸೀಲು ಆರು ತಿಂಗಳಿಗೇ ಹೋದರೆ: ವಾರಂಟಿ ರಿಪೇರಿ ಎಷ್ಟರ ಮಟ್ಟಿಗೆ ನಂಬಬಹುದು?

10 ಮೀಟರ್ ಪಂದ್ಯದಲ್ಲಿ ಹೆಚ್ಚಾಗಿ ಕಾಣುವ ಪಿಸ್ತೂಲುಗಳೆಂದರೆ ಸ್ಟೇಯರ್ ಎಲ್‌ಪಿ 10 ಮತ್ತು ಇವೊ 10, ಮೊರಿನಿ 162, ಪಾರ್ಡಿನಿ ಕೆ 12, ವಾಲ್ಟರ್ ಎಲ್‌ಪಿ 500, ಫೈನ್‌ವೆರ್ಕ್‌ಬೌ ಪಿ 8 ಎಕ್ಸ್. ನಿಖರತೆಯಲ್ಲಿ ಇವುಗಳನ್ನು ಒಂದಕ್ಕೊಂದು ತೂಗಿ ನೋಡಿ ಪ್ರಯೋಜನವಿಲ್ಲ. ಬಿಗಿಹಿಡಿಗೆಯಲ್ಲಿಟ್ಟು ಹೊಡೆದರೆ ಎಲ್ಲವೂ ತೂತಿನ ಮೇಲೆಯೇ ತೂತು ಹಾಕುತ್ತವೆ. ಲಕ್ಷ ದಾಟಿದ ದುಡ್ಡು ಕೊಟ್ಟು ತಂದದ್ದು ಆರು ತಿಂಗಳಿಗೆ ಗಾಳಿ ಬಿಡತೊಡಗಿದರೆ ಯಾರು, ಎಷ್ಟು ದಿನದಲ್ಲಿ, ಯಾವ ಭಾಗ ಹಾಕಿ ಸರಿಮಾಡಿ ಕೊಡುತ್ತಾರೆ ಎಂಬುದರಲ್ಲಿ ಮಾತ್ರ ಅಜಗಜಾಂತರವಿದೆ. ಈ ವಿಮರ್ಶೆ ಅದರ ಬಗ್ಗೆ.

ವಾರಂಟಿ ಕಾರ್ಡು ತೆಗೆದು ಓದಿ. ‘ಸವೆಯುವ ಭಾಗಗಳಿಗೆ ಅನ್ವಯಿಸುವುದಿಲ್ಲ’ ಎಂಬ ಸಾಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಓ-ರಿಂಗ್ (ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ), ಬ್ರೀಚ್ ಸೀಲು (ಗುಂಡು ತುಂಬುವ ಹಿಂಬದಿಯ ಬಾಯಿಯದು), ವಾಲ್ವ್ ಸೀಟು (ವಾಲ್ವ್ ಕೂತು ಮುಚ್ಚುವ ಜಾಗ) ಎಲ್ಲವನ್ನೂ ಆ ಸಾಲಿನೊಳಗೆ ತುರುಕಿ ಬಿಲ್ ಮಾಡುವುದು ಡೀಲರುಗಳಿಗೆ ಸುಲಭದ ದಾರಿ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ದಿನಕ್ಕೆ 100 ಶಾಟ್, ತಿಂಗಳಿಗೆ 25 ದಿನ ಅಭ್ಯಾಸ ಮಾಡುವವರ ಪಿಸ್ತೂಲ್ ಆರು ತಿಂಗಳಲ್ಲಿ 15,000 ಶಾಟ್ ಮುಟ್ಟಿರುತ್ತದೆ. ಅಷ್ಟು ಶಾಟ್ ಕಂಡ ಬ್ರೀಚ್ ಸೀಲು ಸವೆದಿದ್ದರೆ ಯಾರನ್ನೂ ದೂರುವಂತಿಲ್ಲ. ಆದರೆ ಅದೇ ಸೀಲು 3,000 ಶಾಟಿಗೆ ಹೋಗಿ, ಹೊಸದು ಹಾಕಿದ ಮೇಲೆ ಮತ್ತೆ 3,000ಕ್ಕೆ ಹೋದರೆ ತಪ್ಪು ಸೀಲಿನದಲ್ಲ, ಅದು ಕೂತಿರುವ ಜಾಗದ್ದು. ಆ ಜಾಗವನ್ನು ಕಡೆದವನು ತಯಾರಕ; ಅದು ವಾರಂಟಿಯೊಳಗೇ ಬರಬೇಕು. ಜಗಳವಿರುವುದೆಲ್ಲ ಈ ಒಂದು ಅಂಶದಲ್ಲಿ, ಅದನ್ನು ಸಾಬೀತುಮಾಡುವ ಸಾಕ್ಷಿ ಶೂಟರ್ ಕೈಯಲ್ಲೇ ಇರುತ್ತದೆ.

ಒಳಗೆ ನಡೆಯುವುದು ಇಷ್ಟು. ಸಿಲಿಂಡರಿನ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಗಾಳಿಯನ್ನು ರೆಗ್ಯುಲೇಟರ್ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಸಿ ಪುಟ್ಟ ಕೋಣೆಯೊಂದರಲ್ಲಿ ಕೂಡಿಡುತ್ತದೆ. ಟ್ರಿಗರ್ ಬಿಟ್ಟಾಗ ಹ್ಯಾಮರ್ ವಾಲ್ವಿಗೆ ಬಡಿದು ಆ ಗಾಳಿಯನ್ನು ಪೆಲೆಟ್ಟಿನ (ಸೀಸದ ಪುಟ್ಟ ಗುಂಡಿನ) ಹಿಂದಕ್ಕೆ ಬಿಡುತ್ತದೆ. ಅರ್ಧ ಗ್ರಾಂ ಪೆಲೆಟ್, ಸೆಕೆಂಡಿಗೆ 150 ಮೀಟರಿನಷ್ಟು ವೇಗ. ಲೆಕ್ಕ ಹಾಕಿದರೆ 6 ಜೌಲಿಗಿಂತ ಕಡಿಮೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 4.5 ಮಿ.ಮೀ. ಒಳಗಿನ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡವೆಂಬ ಧೈರ್ಯಕ್ಕೇ ಕಂಡವರೆಲ್ಲ ಬಿಚ್ಚಿ ನೋಡುತ್ತಾರೆ, ಒಮ್ಮೆ ಬಿಚ್ಚಿದ ಗುರುತು ಸ್ಕ್ರೂ ತಲೆಯ ಮೇಲೆ ಬಿತ್ತೆಂದರೆ ವಾರಂಟಿಗೆ ಎಳ್ಳುನೀರು.

ಹಾಗಾಗಿ ಬಿಚ್ಚಬೇಡಿ. ಬಿಚ್ಚದೆಯೇ ಕಂಡುಹಿಡಿಯುವುದು ಬೇಕಾದಷ್ಟಿದೆ. ಮೊದಲು ಬ್ಯಾರೆಲ್ಲಿನಲ್ಲಿ ಪೆಲೆಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಿಲಿಂಡರನ್ನು 200 ಬಾರಿಗೆ ತುಂಬಿಸಿ, ಒಂದು ಗಂಟೆ ಬಿಟ್ಟು ಗೇಜ್ ನೋಡಿ ಬರೆದಿಡಿ. ತುಂಬಿಸುವಾಗ ಬಿಸಿಯಾದ ಗಾಳಿ ತಣಿದು ಒತ್ತಡ ಹೇಗೂ ಇಳಿಯುತ್ತದೆ, ಅದು ಸೋರಿಕೆಯಲ್ಲ. ಆಮೇಲೆ ಸಿಲಿಂಡರನ್ನು ಪಿಸ್ತೂಲಿನಿಂದ ಬೇರ್ಪಡಿಸಿ 24 ಗಂಟೆ ಇಡಿ. ಸಂಜೆ 30 ಡಿಗ್ರಿ ಇದ್ದ ಕೋಣೆ ನಸುಕಿಗೆ 20ಕ್ಕೆ ಇಳಿದರೆ 200 ಬಾರ್ ತಾನಾಗಿಯೇ 193ರ ಹತ್ತಿರ ಬರುತ್ತದೆ. ಎಷ್ಟೋ ಜನ ಈ 7 ಬಾರನ್ನೇ ಸೋರಿಕೆಯೆಂದು ಬಗೆದು ದೂರು ಬರೆದು, ಡೀಲರ್ ಎದುರು ಮಾತು ಸೋತಿದ್ದಾರೆ. ಅಳೆಯುವುದಾದರೆ ಎರಡೂ ಸಲ ಒಂದೇ ತಾಪಮಾನದಲ್ಲಿ ಅಳೆಯಿರಿ.

ಬೇರ್ಪಡಿಸಿಟ್ಟ ಸಿಲಿಂಡರೇ ಇಳಿದರೆ ಅದರ ವಾಲ್ವ್ ಅಥವಾ ಗೇಜಿನ ಸೀಲು ಕಾರಣ. ಸಿಲಿಂಡರ್ ಗಟ್ಟಿಯಾಗಿದ್ದು, ಪಿಸ್ತೂಲಿಗೆ ಕೂರಿಸಿದ ಮೇಲೆ ಇಳಿದರೆ ಕಾರಣ ಒಳಗಿದೆ. ಆಗ ಸಣ್ಣ ಬ್ರಷ್ಷನ್ನು ಸೋಪಿನ ನೊರೆಯಲ್ಲಿ ಅದ್ದಿ ಸಿಲಿಂಡರ್ ಕೂಡುವ ಜಾಗಕ್ಕೂ, ರೆಗ್ಯುಲೇಟರಿನ ಗಾಳಿಕಂಡಿಗೂ ಸವರಿ. ಬ್ಯಾರೆಲ್ಲಿನ ಬಾಯಿಗೆ ಒಂದು ನೊರೆಯ ಪೊರೆ ಹಿಡಿಸಿ ಸಾಕು. ಬಾಯಲ್ಲಿ ಗುಳ್ಳೆ ಉಬ್ಬಿದರೆ ಫೈರಿಂಗ್ ವಾಲ್ವಿನ ಸೀಟು ಸರಿಯಿಲ್ಲ. ಗಾಳಿಕಂಡಿಯಲ್ಲಿ ಎದ್ದರೆ ರೆಗ್ಯುಲೇಟರ್ ಪಿಸ್ಟನ್ನಿನ ಓ-ರಿಂಗ್. ಪಿಸ್ತೂಲನ್ನು ಬಕೆಟ್ಟಿನಲ್ಲಿ ಮುಳುಗಿಸುವ ಕೆಲಸ ಮಾತ್ರ ಬೇಡವೇ ಬೇಡ.

ಎರಡನೆಯ ಪರೀಕ್ಷೆಗೆ ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು, ಕ್ಲಬ್ಬಿನಲ್ಲಿ ಯಾರ ಹತ್ತಿರವಾದರೂ ಇರುತ್ತದೆ. ಒಂದೇ ಡಬ್ಬಿಯ ಪೆಲೆಟ್ಟಿನಲ್ಲಿ ಹತ್ತು ಶಾಟ್ ಹೊಡೆದು ವೇಗ ಬರೆದುಕೊಳ್ಳಿ. ಒಳ್ಳೆಯ ಸ್ಥಿತಿಯ ಪಿಸ್ತೂಲಿನಲ್ಲಿ ಅತಿ ಹೆಚ್ಚು ಅತಿ ಕಡಿಮೆಗಳ ಅಂತರ ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ದಾಟಬಾರದು. ಹತ್ತು ನಿಮಿಷ ಬಿಟ್ಟು ಹನ್ನೊಂದನೆಯದು ಹೊಡೆಯಿರಿ. ಅದೊಂದೇ ಶಾಟ್ 8-10 ಮೀಟರ್ ಜೋರಾಗಿ ಹೋದರೆ ರೆಗ್ಯುಲೇಟರಿನ ಸೀಟು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ಮೇಲಿನ ಒತ್ತಡ ಮೆಲ್ಲಗೆ ಕೋಣೆಗೆ ಜಿನುಗುತ್ತಿದೆ ಎಂದರ್ಥ. ವೇಗ ಒಟ್ಟಾರೆ ಬಿದ್ದಿದ್ದರೆ ಬ್ರೀಚ್ ನೋಡಿ: ಟಿಶ್ಯೂ ಕಾಗದದ ಸಣ್ಣ ಎಳೆಯೊಂದನ್ನು ಲೋಡಿಂಗ್ ಬಾಗಿಲಿನ ಪಕ್ಕಕ್ಕೆ ಅಂಟಿಸಿ ಪೆಲೆಟ್ ಹಿಡಿಯುವ ಡಬ್ಬಿಗೆ ಒಂದು ಹೊಡೆಯಿರಿ. ಎಳೆ ಹಾರಿತೋ, ಗಾಳಿ ಹಿಂದಕ್ಕೆ ಬರುತ್ತಿದೆ. ಇಷ್ಟನ್ನೂ ತಾರೀಖು ಹಾಕಿ, ಗೇಜಿನ ಫೋಟೋ ಸಮೇತ ಕಳಿಸಿದ ದೂರಿಗೂ ‘ಗಾಳಿ ನಿಲ್ಲುತ್ತಿಲ್ಲ ಸಾರ್’ ಎಂಬ ವಾಟ್ಸಾಪಿಗೂ ಸಿಗುವ ಉತ್ತರವೇ ಬೇರೆ.

ಈಗ ರಿಪೇರಿಯಲ್ಲಿ ತೆಗೆದ ಹಳೆಯ ಓ-ರಿಂಗಿನ ವಿಷಯ. ರಿಪೇರಿಗೆ ಕೊಡುವಾಗಲೇ ‘ತೆಗೆದ ಭಾಗ ವಾಪಸು ಬೇಕು’ ಎಂದು ಬರೆದು ಕೊಡಿ. ಗಡಿಯಾರದವರು ಕಣ್ಣಿಗಿಡುವ ಹತ್ತು ಪಟ್ಟು ಲೆನ್ಸಿನಡಿ ಅದನ್ನು ತಿರುಗಿಸಿ ನೋಡಿದರೆ ಜಾತಕವೇ ಸಿಗುತ್ತದೆ. ದುಂಡಗಿದ್ದದ್ದು ಸುತ್ತಲೂ ಒಂದೇ ಸಮ ಚಪ್ಪಟೆಯಾಗಿದ್ದರೆ ಅದು ಸಹಜ ಸವೆತ. ದುಡ್ಡು ಕೊಟ್ಟು ಹೊಸದು ಹಾಕಿಸಿಕೊಳ್ಳಿ. ಮೈತುಂಬ ಸಣ್ಣ ಬೊಕ್ಕೆ ಎದ್ದಿದ್ದರೆ ಯಾರೋ ತುಂಬಿದ ಸಿಲಿಂಡರನ್ನು ಭರ್ರನೆ ಖಾಲಿಮಾಡಿದ್ದಾರೆ. ರಬ್ಬರಿನೊಳಗೆ ಸೇರಿಕೊಂಡ ಗಾಳಿ ಹೊರಬರುವ ಅವಸರದಲ್ಲಿ ಅದನ್ನು ಸೀಳಿರುತ್ತದೆ. ಉಬ್ಬಿ ಮೆತ್ತಗಾಗಿ ಬೆರಳಿಗೆ ಜಿಡ್ಡು ಹತ್ತಿದರೆ ಒಗ್ಗದ ಎಣ್ಣೆ ಬಿದ್ದಿದೆ. ಮೈಮೇಲೆ ಹಗ್ಗದ ಹುರಿಯಂತೆ ಓರೆ ಗೀರುಗಳಿದ್ದರೆ ಗ್ರೀಸ್ ಹಚ್ಚದೆ ಒಣದಾಗಿ ತಿರುಚಿ ಕೂರಿಸಿದ್ದಾರೆ, ಅದು ಕೂರಿಸಿದವರ ತಪ್ಪು. ಉಳಿದೆಡೆ ಹೊಸದರಂತಿದ್ದು ಒಂದೇ ಕಡೆ, ಬ್ಲೇಡಿನಲ್ಲಿ ಕೆತ್ತಿದ ಹಾಗೆ ಚೂರು ಎದ್ದಿದ್ದರೆ, ಅದೂ ಎರಡು ಸಲ ಅದೇ ಬಗೆಯಲ್ಲಿ ಎದ್ದಿದ್ದರೆ, ಒಳಗಿನ ರಂಧ್ರದ ಅಂಚನ್ನು ಕಾರ್ಖಾನೆಯಲ್ಲಿ ಉಜ್ಜಿ ನಯಮಾಡಿಲ್ಲ. ಆ ಫೋಟೋ ಒಂದಿದ್ದರೆ ‘ಸವೆಯುವ ಭಾಗ’ ಎಂಬ ವಾದ ನಿಲ್ಲುವುದಿಲ್ಲ. ಸೀಲು ಬದಲಿಸಿ ಕೊಟ್ಟರೆ ಒಪ್ಪಬೇಡಿ, ಆ ಅಂಚು ಸರಿಮಾಡಬೇಕು ಇಲ್ಲವೇ ಆ ಭಾಗವನ್ನೇ ಬದಲಿಸಬೇಕು.

ಶೂಟರ್‌ಗಳ ಕಡೆಯ ತಪ್ಪುಗಳನ್ನೂ ಮುಚ್ಚಿಡಬಾರದು. ಅತಿ ದೊಡ್ಡದು ತೇವ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಕೈಪಂಪಿನಿಂದ ತುಂಬಿಸಿದ ಗಾಳಿಯ ಜೊತೆ ನೀರೂ ಸಿಲಿಂಡರಿಗೆ ಹೋಗಿ ರೆಗ್ಯುಲೇಟರಿನ ಸ್ಪ್ರಿಂಗ್ ತಟ್ಟೆಗಳಿಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಪುಡಿಯೇ ಸೀಟನ್ನು ಗೀರುವುದು. ಡೈವಿಂಗ್ ಸಿಲಿಂಡರಿನ ಗಾಳಿ ಸೋಸಿ ಒಣಗಿಸಿದ್ದಾದ್ದರಿಂದ ಅದು ಉತ್ತಮ. ಮುರುಡೇಶ್ವರದ ಕಡೆಯ ಶೂಟರ್‌ಗಳು ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರಲ್ಲಿ ಆ ಬಗೆಯ ಗಾಳಿಯ ಬಗ್ಗೆ ವಿಚಾರಿಸಿ ನೋಡಬಹುದು. ಎರಡನೆಯದು ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಕೊಬ್ಬರಿ ಎಣ್ಣೆ ಇವ್ಯಾವೂ ಗಾಳಿಯ ದಾರಿಗೆ ಹೋಗಬಾರದು. 200 ಬಾರ್ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಲ್ಲದು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸೀಲಿಗೆ ಸಿಲಿಕೋನ್ ಗ್ರೀಸ್, ಅದೂ ಹೊಳಪು ಬರುವಷ್ಟೇ. ಅದೇ ಗ್ರೀಸನ್ನು ಟ್ರಿಗರಿನ ಸಿಯರ್ (ಹ್ಯಾಮರನ್ನು ತಡೆದು ಹಿಡಿಯುವ ಕೊಕ್ಕೆ) ಅಂಚಿಗೆ ಹಚ್ಚಬೇಡಿ, ಲೋಹಕ್ಕೆ ಲೋಹ ತಿಕ್ಕುವಲ್ಲಿ ಅದು ಭಾರ ತಾಳುವುದಿಲ್ಲ.

ಸಿಯರ್ ಸವೆತಕ್ಕೆ ಹೆಚ್ಚಿನ ಸಲ ಕಾರಣ ಅತಿಯಾಸೆ. ಗರಿಮುಟ್ಟಿದಂತೆ ಟ್ರಿಗರ್ ಬಿಡಬೇಕೆಂದು ಸಿಯರ್ ಕಚ್ಚುವಿಕೆಯನ್ನು ಕೂದಲೆಳೆಯಷ್ಟಕ್ಕೆ ಇಳಿಸಿದರೆ ಇಡೀ ಭಾರ ತುದಿಯ ಅಂಚಿನ ಮೇಲೆ ಬೀಳುತ್ತದೆ, ಅಂಚು ದುಂಡಗಾಗುತ್ತದೆ, ಪಂದ್ಯದ ತಪಾಸಣೆಯಲ್ಲಿ ಟ್ರಿಗರಿಗೆ ಸಿಕ್ಕಿಸಿದ 500 ಗ್ರಾಂ ತೂಕ ಎತ್ತದೆ ಜಾರುತ್ತದೆ. ಇದು ವಾರಂಟಿಗೆ ಬರುವುದಿಲ್ಲ, ಬರಲೂಬಾರದು.

ಎಲೆಕ್ಟ್ರಾನಿಕ್ ಟ್ರಿಗರ್ ಇರುವ ಮಾದರಿಗಳಲ್ಲಿ ಸಿಯರ್ ಸವೆತದ ಕಾಟ ಕಡಿಮೆ, ಆದರೆ ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಸರಿಮಾಡುವಂತಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟಿತು. ರಿಪೇರಿಗೆ ನಿಮಿಷಗಳು ಕಳೆದವು; 575 ಅಂಕಕ್ಕೆ 12ನೇ ಸ್ಥಾನ, ಫೈನಲ್ಲಿಗೆ ಎರಡೇ ಅಂಕ ಕಡಿಮೆ. ಅದೇ ವಿಭಾಗದಲ್ಲಿ 2024ರ ಪ್ಯಾರಿಸ್ಸಿನಲ್ಲಿ ಅವರು ಕಂಚು ಗೆದ್ದದ್ದು ಎಲ್ಲರಿಗೂ ಗೊತ್ತು. ಸಣ್ಣದೊಂದು ಭಾಗಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಬಿಡಿಭಾಗ ತರಿಸಿಡಲು ಹಿಂದೆಮುಂದೆ ನೋಡುವ ಡೀಲರುಗಳು ಯೋಚಿಸಬೇಕು. ಪ್ರಕಾಶ್ ನಂಜಪ್ಪ ಅವರಂಥ ಒಲಿಂಪಿಯನ್ ಇರುವ ಬೆಂಗಳೂರಿನಲ್ಲಿ, ಮಾರುವ ಪ್ರತಿ ಮಾದರಿಗೂ ಒಂದೊಂದು ಸೀಲ್ ಕಿಟ್ ಅಂಗಡಿಯಲ್ಲಿರಲಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ಕೊಳ್ಳುವ ಮೊದಲೇ ಕಿಟ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಆ ಡೀಲರಿಗೆ ನಮ್ಮ ಲೆಕ್ಕದಲ್ಲಿ ಅರ್ಧ ಅಂಕ ಖೋತಾ.

ವಿದೇಶದ ಕಾರ್ಖಾನೆಗೇ ಕಳಿಸಬೇಕಾಗಿ ಬಂದರೆ ಸಿಲಿಂಡರನ್ನು ನಿಧಾನವಾಗಿ ಪೂರ್ತಿ ಖಾಲಿಮಾಡಿ. ಒತ್ತಡವಿರುವ ಸಿಲಿಂಡರನ್ನು ವಿಮಾನದಲ್ಲಿ ಒಯ್ಯುವುದಿಲ್ಲ. ತೊಂದರೆ ಪಿಸ್ತೂಲಿನೊಳಗೇ ಇದ್ದರೆ ಸಿಲಿಂಡರ್ ಕಳಿಸಲೇಬೇಕೆಂದಿಲ್ಲ, ಕೇಳಿಕೊಳ್ಳಿ. ಹೊರಡುವಾಗಲೇ ಕಸ್ಟಮ್ಸ್ ಕಾಗದದಲ್ಲಿ ‘ರಿಪೇರಿಗಾಗಿ’ ಎಂದೂ ಸೀರಿಯಲ್ ನಂಬರೂ ದಾಖಲಾಗಿರಲಿ. ಇಲ್ಲದಿದ್ದರೆ ಮರಳಿ ಬರುವಾಗ ಹೊಸ ಮಾಲಿನ ಸುಂಕ ಹೇರುವ ಅಪಾಯವಿದೆ. ಜರ್ಮನಿಯಲ್ಲಿ ನೆಲೆಸಿ ಅಲ್ಲೇ ಅಂಗಡಿಯಲ್ಲಿ ಕೊಂಡ ಕನ್ನಡಿಗರಿಗೆ ಈ ಪಾಡಿಲ್ಲ: ಹೊಸ ವಸ್ತುವಿಗೆ ಎರಡು ವರ್ಷ ಮಾರಾಟಗಾರನದೇ ಕಾನೂನುಬದ್ಧ ಹೊಣೆ, ಮೊದಲ ಒಂದು ವರ್ಷ ದೋಷ ಮೊದಲೇ ಇರಲಿಲ್ಲವೆಂದು ಸಾಬೀತುಮಾಡಬೇಕಾದವನೂ ಅವನೇ.

ಇಲ್ಲಿ ಡೀಲರ್ ಸತಾಯಿಸಿದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು, ‘ಒಂದು ಏರ್ ಪಿಸ್ತೂಲ್’ ಎಂದಷ್ಟೇ ಬರೆದ ಬಿಲ್ಲನ್ನು ಅಂಗಡಿಯಲ್ಲೇ ತಿದ್ದಿಸಿಕೊಳ್ಳಿ.

ರಿಪೇರಿಯಾಗಿ ಬಂದ ಪಿಸ್ತೂಲನ್ನು ನೇರ ಪಂದ್ಯಕ್ಕೆ ಒಯ್ಯಬೇಡಿ. ಸಿಲಿಂಡರಿನ ಮೇಲೆ ಅಚ್ಚಾಗಿರುವ ಅವಧಿ ಮುಗಿದಿಲ್ಲವೆಂದು ನೋಡಿ. ಸಾಮಾನ್ಯವಾಗಿ ಅದು 10 ವರ್ಷ, ಅವಧಿಯೊಳಗಿರುವಂತೆ ನೋಡಿಕೊಳ್ಳುವುದು ಶೂಟರ್ ಹೊಣೆ. 500 ಗ್ರಾಂ ತೂಕ ಎತ್ತಿ ನೋಡಿ, 24 ಗಂಟೆಯ ಗೇಜ್ ಪರೀಕ್ಷೆಯನ್ನೂ ಹನ್ನೊಂದನೆಯ ಶಾಟಿನ ಪರೀಕ್ಷೆಯನ್ನೂ ಮತ್ತೆ ಮಾಡಿ, ಹಳೆಯ ಅಂಕಿಗಳ ಪಕ್ಕದಲ್ಲೇ ಬರೆಯಿರಿ. 500 ಶಾಟ್ ಆದ ಮೇಲೆ ಇನ್ನೊಮ್ಮೆ.